ಬಚ್ಚಲಿನ ಬಾಗಿಲಲ್ಲಿ ನಿಂತವರು

ನಮ್ಮ ಅಜ್ಜಿಯ ಊರಿನ ಮನೆಯಲ್ಲಿ ಬಚ್ಚಲುಮನೆ ಹಿತ್ತಿಲಿನ ಗೋಡೆಗೆ ಅಂಟಿಕೊಂಡಿತ್ತು. ಬೇಸಿಗೆಯ ರಜೆಗೆ ಅಲ್ಲಿಗೆ ಹೋದಾಗಲೆಲ್ಲ ಕಾಣುತ್ತಿದ್ದ ಒಂದು ದೃಶ್ಯ ಈಗಲೂ ಕಣ್ಣಮುಂದಿದೆ. ನನ್ನ ಸೋದರಮಾವ ಹೆಗಲ ಮೇಲೆ ಟವಲು ಹಾಕಿಕೊಂಡು ಬಚ್ಚಲಿನ ಹೊಸಿಲ ಬಳಿ ನಿಂತಿರುತ್ತಿದ್ದ. ಹಂಡೆಯಲ್ಲಿ ನೀರು ಕಾದಿರುತ್ತಿತ್ತು. ಚೊಂಬು, ಸಾಬೂನು, ಮಣೆ ಎಲ್ಲವೂ ಒಳಗೇ ಇರುತ್ತಿದ್ದವು. ಆತ ಒಳಕ್ಕೆ ಹೋಗುತ್ತಿರಲಿಲ್ಲ, ಹಿಂದಕ್ಕೂ ಬರುತ್ತಿರಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಅಡುಗೆಮನೆಯಿಂದ ಅಜ್ಜಿಯ ದನಿ ಕೇಳಿಬರುವುದು: “ಮೈಗಳ್ಳ, ನೀರು ಆರಿಹೋಗ್ತಾ ಇದೆ, ಇನ್ನೂ ಅಲ್ಲೇ ನಿಂತಿದ್ದೀಯಲ್ಲೋ!” ಮಾವ ತಲೆ ತಗ್ಗಿಸುತ್ತಿದ್ದ. ಆಮೇಲೆ ಸ್ನಾನ ಮಾಡದೆಯೇ ಜಗುಲಿಗೆ ಹೋಗಿ ಕುಳಿತುಕೊಳ್ಳುತ್ತಿದ್ದ.

ಆತನಿಗಿದ್ದ ಕಾಯಿಲೆಗೆ ಸ್ಕಿಜೋಫ್ರೇನಿಯ ಎಂದು ಹೆಸರೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಮನೆಯವರಿಗೆ ಆತನ ಕಿವಿಯಲ್ಲಿ ಕೇಳುತ್ತಿದ್ದ ದನಿಗಳ ವಿಷಯ ಒಂದು ಮಟ್ಟಿಗೆ ಅರ್ಥವಾಗಿತ್ತು. ಅದಕ್ಕೆ ಗಾಳಿ, ಗ್ರಹಚಾರ, ಪಿತ್ತ ಎಂದು ಏನೋ ಒಂದು ಕಾರಣ ಸಿಕ್ಕಿತ್ತು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನೆಚ್ಚಿ ಹೆಣ್ಣು ಹುಡುಕಿದ್ದೂ ಉಂಟು. ಆದರೆ ಸ್ನಾನ ಮಾಡದಿರುವುದು, ಗಡ್ಡ ಕೆರೆಯದಿರುವುದು, ಒಂದೇ ಅಂಗಿಯನ್ನು ವಾರಗಟ್ಟಲೆ ತೊಡುವುದು ಇವು ಯಾರಿಗೂ ಕಾಯಿಲೆಯಾಗಿ ಕಾಣಲಿಲ್ಲ. ಅದು ಸೋಮಾರಿತನ, ಹಟ, ನಾಚಿಕೆಗೇಡಿತನ ಎಂದೇ ಎಲ್ಲರ ತೀರ್ಮಾನ. ನಮ್ಮ ಮನೆಯವರನ್ನು ಇದಕ್ಕಾಗಿ ದೂರುವಂತಿಲ್ಲ. ಆ ಹೊಸಿಲ ಬಳಿ ನಿಂತ ಮನುಷ್ಯನ ತಲೆಯೊಳಗೆ ಏನು ನಡೆಯುತ್ತದೆಂಬುದನ್ನು ತಿಳಿಯಲು ಪಾಶ್ಚಾತ್ಯ ವೈದ್ಯಶಾಸ್ತ್ರಕ್ಕೂ ನೂರು ವರ್ಷ ಹಿಡಿಯಿತು.

ನಮ್ಮ ಪ್ರಾಚೀನರು ಇದನ್ನು ಅಷ್ಟಿಷ್ಟು ಗಮನಿಸಿದ್ದರೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಚರಕಸಂಹಿತೆಯು ಉನ್ಮಾದವನ್ನು ನಿರೂಪಿಸುವಾಗ ಎಂಟು ಸಂಗತಿಗಳ ವಿಭ್ರಮವನ್ನು ಎಣಿಸುತ್ತದೆ: ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ. ಬುದ್ಧಿ ಮತ್ತು ನೆನಪಿನ ಜೊತೆಯಲ್ಲಿಯೇ ದಿನನಿತ್ಯದ ಆಚಾರವೂ ಕೆಡುತ್ತದೆಂದು ಒಂದೇ ಉಸಿರಿನಲ್ಲಿ ಹೇಳಿರುವುದು ಗಮನಾರ್ಹ. ಆದರೆ ಇದರಿಂದ ಅದು ಕೆಡುತ್ತದೆ ಎಂಬ ಕಾರ್ಯಕಾರಣ ಸಂಬಂಧವನ್ನು ಅಲ್ಲಿ ಹುಡುಕಹೊರಡುವುದು ನಮ್ಮ ಅಭಿಮಾನದ ಅತಿರೇಕವಾದೀತು.

ಆಧುನಿಕ ಕಥೆ ಜರ್ಮನಿಯಲ್ಲಿ ಆರಂಭವಾಗುತ್ತದೆ. ಎಮಿಲ್ ಕ್ರೆಪೆಲಿನ್ ಎಂಬ ಪಂಡಿತನು ಹೈಡಲ್‌ಬರ್ಗಿನಲ್ಲಿ ಪ್ರಾಧ್ಯಾಪಕನಾಗಿದ್ದ ಕಾಲದಲ್ಲಿ, ಎಳೆಯ ವಯಸ್ಸಿನಲ್ಲಿ ಬುದ್ಧಿ ಕುಂದುತ್ತ ಹೋಗುವ ಒಂದು ರೋಗವನ್ನು ಗುರುತಿಸಿ ‘ಡಿಮೆನ್ಷಿಯಾ ಪ್ರಿಕಾಕ್ಸ್’ ಎಂದು ಕರೆದನು. 1899ರಲ್ಲಿ ಹೊರಬಂದ ಅವನ ಗ್ರಂಥದ ಆರನೆಯ ಮುದ್ರಣದಲ್ಲಿ ಈ ವಿಂಗಡಣೆ ಸ್ಪಷ್ಟ ರೂಪವನ್ನು ಪಡೆಯಿತು. ಈತನು ವುಂಟ್ ಎಂಬ ಪ್ರಸಿದ್ಧ ಮನಶ್ಶಾಸ್ತ್ರಜ್ಞನ ಶಿಷ್ಯ. ಮನಸ್ಸಿನ ವ್ಯಾಪಾರಗಳನ್ನು ಪ್ರಯೋಗಶಾಲೆಯಲ್ಲಿ ಅಳೆಯಬಹುದೆಂದು ಕಲಿತವನು. ರೋಗಿಯ ಅವಧಾನ ನಿಲ್ಲುವುದಿಲ್ಲ, ಇಚ್ಛಾಶಕ್ತಿ ಕುಗ್ಗುತ್ತದೆ ಎಂದು ಆತ ಕಂಡಿದ್ದನು. ವಾದ್ಯಗಳೆಲ್ಲ ಇದ್ದು ಮೇಳವನ್ನು ನಡೆಸುವವನೇ ಇಲ್ಲದಂಥ ಸ್ಥಿತಿ ಎಂಬುದು ಅವನು ಕೊಟ್ಟ ಉಪಮೆ. ಉಪಮೆ ಸೊಗಸಾಗಿತ್ತು, ಆದರೆ ಅವನ ತೀರ್ಪು ಕಠೋರವಾಗಿತ್ತು. ಈ ರೋಗಿಗಳಲ್ಲಿ ಬಹುಪಾಲು ಮಂದಿ ಕೆಳಗಿಳಿಯುತ್ತಲೇ ಹೋಗುವರೆಂದು ಅವನು ನಂಬಿದ್ದನು.

ಸ್ವಿಟ್ಜರ್ಲೆಂಡಿನ ಆಯ್ಗನ್ ಬ್ಲಾಯ್ಲರ್ ಬೇರೆ ಜಾತಿಯ ಮನುಷ್ಯ. ಕನ್ನಡದ ಮೇಷ್ಟರಾದ ನನಗೆ ಈತನ ಮೇಲೆ ವಿಶೇಷವಾದ ಒಲವಿದೆ. ಕಾರಣ ಭಾಷೆಗೆ ಸಂಬಂಧಿಸಿದ್ದು. ಜೂರಿಕ್ ನಗರದ ಬುರ್ಗ್‌ಹೋಲ್ಟ್ಸ್ಲಿ ಮಾನಸಿಕ ಆಸ್ಪತ್ರೆಗೆ ಮೊದಮೊದಲು ನಿರ್ದೇಶಕರಾಗಿ ಬರುತ್ತಿದ್ದವರಲ್ಲಿ ಹಲವರು ಜರ್ಮನ್ ಪಂಡಿತರು. ಅವರಾಡುವ ಶಿಷ್ಟ ಜರ್ಮನ್ ಬೇರೆ, ಸುತ್ತಣ ರೈತಾಪಿ ಜನ ಆಡುವ ಸ್ವಿಸ್ ಆಡುಮಾತು ಬೇರೆ. ನಮ್ಮ ಮಕ್ಕಳು ಹೇಳಿಕೊಳ್ಳುವುದು ಈ ಡಾಕ್ಟರಿಗೆ ತಿಳಿಯುವುದಿಲ್ಲ ಎಂದು ಹಳ್ಳಿಯವರು ಗೊಣಗುತ್ತಿದ್ದರು. ಬ್ಲಾಯ್ಲರನು 1857ರಲ್ಲಿ ಜೂರಿಕ್ಕಿನ ಬಳಿಯ ಜೋಲಿಕಾನ್ ಎಂಬ ಹಳ್ಳಿಯಲ್ಲಿ ರೈತರ ವಂಶದಲ್ಲಿ ಹುಟ್ಟಿದವನು. ಆ ಆಡುಮಾತು ಅವನ ಮನೆಮಾತು. ಅಷ್ಟೇ ಅಲ್ಲ, ಅವನ ಒಡಹುಟ್ಟಿದ ಅಕ್ಕನಿಗೇ ಈ ರೋಗವಿತ್ತು. ತಂದೆತಾಯಿಗಳು ತೀರಿಹೋದ ಮೇಲೆ ಆಕೆ ತಮ್ಮನ ಮನೆಯಲ್ಲಿಯೇ, ಆಸ್ಪತ್ರೆಯ ಆವರಣದಲ್ಲಿ ಬಾಳಿದಳು. ರೋಗಿಯೊಂದಿಗೆ ಒಂದೇ ಸೂರಿನಡಿ ಬದುಕುವುದೆಂದರೇನೆಂದು ಆತನಿಗೆ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1886ರಿಂದ 1898ರವರೆಗೆ ಬ್ಲಾಯ್ಲರನು ರೈನಾವ್ ಎಂಬಲ್ಲಿ ಆಸ್ಪತ್ರೆಯ ಮುಖ್ಯಸ್ಥನಾಗಿದ್ದನು. ರೈನ್ ನದಿಯ ತಿರುವಿನಲ್ಲಿದ್ದ ಹಳೆಯ ಕ್ರೈಸ್ತ ಮಠವೊಂದನ್ನು ಆಸ್ಪತ್ರೆಯಾಗಿ ಪರಿವರ್ತಿಸಿದ್ದರು. ಅಲ್ಲಿದ್ದವರು ಬಹುಮಟ್ಟಿಗೆ ಗುಣವಾಗುವುದಿಲ್ಲವೆಂದು ಕೈಬಿಟ್ಟ ರೋಗಿಗಳು. ಇನ್ನೂ ಮದುವೆಯಾಗದಿದ್ದ ಬ್ಲಾಯ್ಲರನು ಆ ಹನ್ನೆರಡು ವರ್ಷ ಅವರ ನಡುವೆಯೇ ಬಾಳಿದನು; ಅವರೊಡನೆ ಕೆಲಸ ಮಾಡಿದನು, ತಿರುಗಾಡಿದನು, ಕಂಡದ್ದನ್ನೆಲ್ಲ ಗುರುತು ಹಾಕಿಕೊಂಡನು. 1908ರ ಏಪ್ರಿಲ್ ತಿಂಗಳಲ್ಲಿ ಬರ್ಲಿನ್ನಿನ ಒಂದು ಸಭೆಯಲ್ಲಿ ಅವನು ಕ್ರೆಪೆಲಿನ್ನನ ಹೆಸರನ್ನು ಕೈಬಿಟ್ಟು ‘ಸ್ಕಿಜೋಫ್ರೇನಿಯ’ ಎಂಬ ಹೊಸ ಹೆಸರನ್ನು ಮುಂದಿಟ್ಟನು. 1911ರಲ್ಲಿ ಅವನ ದೊಡ್ಡ ಗ್ರಂಥ ಹೊರಬಂತು. ಅವನ ಮುಖ್ಯ ವಾದವಿಷ್ಟು: ದನಿ ಕೇಳುವುದು, ಇಲ್ಲದ್ದನ್ನು ನಂಬುವುದು ಇವು ಎಷ್ಟೇ ಭಯಂಕರವಾಗಿ ಕಂಡರೂ ಗೌಣ ಲಕ್ಷಣಗಳು. ಮೂಲದಲ್ಲಿರುವುದು ಆಲೋಚನೆಯ ಎಳೆಗಳು ಸಡಿಲಗೊಳ್ಳುವುದು. ಒಂದು ವಿಚಾರಕ್ಕೆ ಮುಂದಿನ ವಿಚಾರ ಹೊಂದಿಕೊಂಡು ಬರುವುದು ಗುರಿಯೊಂದು ಮನಸ್ಸಿನಲ್ಲಿ ನಿಂತಿರುವುದರಿಂದ. ಗುರಿ ಜಾರಿದರೆ ಎಳೆ ಕಡಿಯುತ್ತದೆ. ಮಾತಿನಲ್ಲಿ ಕಡಿದರೆ ಅಸಂಬದ್ಧ ಪ್ರಲಾಪವೆನ್ನುತ್ತೇವೆ, ಕೆಲಸದಲ್ಲಿ ಕಡಿದರೆ ಸೋಮಾರಿ ಎನ್ನುತ್ತೇವೆ.

ಇಲ್ಲಿ ಹೆಸರಿನ ವಿಷಯವಾಗಿ ಒಂದು ಮಾತು. ಗ್ರೀಕಿನಲ್ಲಿ ‘ಸ್ಕಿಜೈನ್’ ಎಂದರೆ ಸೀಳು, ‘ಫ್ರೆನ್’ ಎಂದರೆ ಮನಸ್ಸು. ಬ್ಲಾಯ್ಲರನ ಮನಸ್ಸಿನಲ್ಲಿದ್ದುದು ವಿಚಾರ, ಭಾವ, ಇಚ್ಛೆಗಳು ಒಂದಕ್ಕೊಂದು ಹೊಂದದೆ ಹೋಗುವುದು. ಕನ್ನಡದಲ್ಲಿ ಕೆಲವರು ಇದನ್ನು ‘ಇಚ್ಚಿತ್ತ ವಿಕಲತೆ’ ಎಂದು ಕರೆದಿದ್ದಾರೆ. ಇಮ್ಮಡಿ, ಇಬ್ಬಗೆ ಎಂಬಂತೆ ಇದೂ ವ್ಯಾಕರಣಬದ್ಧವಾದ ಚೆಲುವಾದ ಪದವೇ. ಆದರೆ ಕೇಳಿದವರು ಒಬ್ಬನೊಳಗೆ ಇಬ್ಬರಿದ್ದಾರೆಂದು ತಿಳಿಯುತ್ತಾರೆ, ಚಲಚ್ಚಿತ್ರಗಳು ಆ ತಪ್ಪನ್ನು ಇನ್ನಷ್ಟು ಗಟ್ಟಿಮಾಡಿವೆ. ಜಪಾನೀಯರಿಗೂ ಇದೇ ಪೇಚು ಒದಗಿತ್ತು. ಅವರ ಭಾಷೆಯಲ್ಲಿದ್ದ ‘ಮನಸ್ಸು ಒಡೆದ ರೋಗ’ ಎಂಬರ್ಥದ ಹೆಸರನ್ನು 2002ರಲ್ಲಿ ವೈದ್ಯರೂ ರೋಗಿಗಳ ಕುಟುಂಬದವರೂ ಸೇರಿ ತೆಗೆದುಹಾಕಿಸಿದರು. ‘ಸಮನ್ವಯ ತಪ್ಪಿದ ಸ್ಥಿತಿ’ ಎಂಬರ್ಥ ಬರುವ ಹೊಸ ಹೆಸರನ್ನಿಟ್ಟರು. ನಮ್ಮಲ್ಲಿ ಅಂಥದೊಂದು ಯತ್ನ ಇನ್ನೂ ಆಗಬೇಕಾಗಿದೆ. ‘ಮನಮಂಥನ’ ಬರೆದ ಡಾ. ಎಂ. ಶಿವರಾಂ ಅವರಂಥ, ವೈದ್ಯವೂ ತಿಳಿದ ಕನ್ನಡವೂ ತಿಳಿದ ಒಬ್ಬರು ಬೇಕು.

ಬ್ಲಾಯ್ಲರನು ತೋರಿಸಿದ ದಾರಿಯಲ್ಲಿ ಯೂರೋಪು ನಡೆಯಿತೇ ಎಂದರೆ ಇಲ್ಲ. ಬೇರೊಂದು ದಾರಿ ಮೊದಲೇ ತೆರೆದಿತ್ತು: ಕೆಲಸ ಮಾಡಿಸುವುದು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ 1796ರಲ್ಲಿ ಕ್ವೇಕರ್ ಪಂಥದವರು ತೆರೆದ ‘ರಿಟ್ರೀಟ್’ ಎಂಬ ಆಶ್ರಯದಲ್ಲಿ ರೋಗಿಗಳನ್ನು ಚಹಾಕ್ಕೆ ಕರೆಯುತ್ತಿದ್ದರು. ಅವರು ತಮ್ಮಲ್ಲಿದ್ದ ಒಳ್ಳೆಯ ಬಟ್ಟೆ ಧರಿಸಿ ಅತಿಥಿಗಳಂತೆ ಬಂದು ಕೂರುತ್ತಿದ್ದರು. ಅದು ಮರ್ಯಾದೆಯ ದಾರಿ. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ಗ್ಯೂಟರ್ಸ್‌ಲೋ ಎಂಬಲ್ಲಿ ಹರ್ಮನ್ ಸೈಮನ್ ಎಂಬ ವೈದ್ಯನು ಎಲ್ಲ ರೋಗಿಗಳಿಗೂ ಅವರವರ ಯೋಗ್ಯತೆಗೆ ತಕ್ಕ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ಹಚ್ಚಿದನು. ಹಾಸಿಗೆ ಹಿಡಿದವರು ಎದ್ದರು, ವಾರ್ಡುಗಳ ಗದ್ದಲ ಇಳಿಯಿತು. ದೇಶವಿದೇಶಗಳಿಂದ ಜನ ಬಂದು ನೋಡಿಕೊಂಡು ಹೋದರು. ಆದರೆ ಮನುಷ್ಯನನ್ನು ಅವನ ಕೆಲಸದಿಂದ ಅಳೆಯುವ ಕೋಲು ಯಾರ ಕೈಗೆ ಹೋಗುತ್ತದೆಂದು ಹೇಳಬರುವುದಿಲ್ಲ. ನಾಜಿ ಸರ್ಕಾರ 1939ರಲ್ಲಿ ಆಸ್ಪತ್ರೆಗಳಿಗೆಲ್ಲ ಒಂದು ನಮೂನೆಯನ್ನು ಕಳುಹಿಸಿತು. ರೋಗಿಯ ಹೆಸರು, ರೋಗ, ಎಷ್ಟು ವರ್ಷದಿಂದ ಇದ್ದಾನೆ ಎಂಬುವುಗಳೊಡನೆ, ಯಾವ ಕೆಲಸ ಮಾಡಬಲ್ಲ ಎಂಬ ಪ್ರಶ್ನೆಯೂ ಅದರಲ್ಲಿತ್ತು. ಆ ಕಾಗದಗಳ ಆಧಾರದ ಮೇಲೆ 1940 ಮತ್ತು 1941ರಲ್ಲಿ 70,000ಕ್ಕೂ ಹೆಚ್ಚು ಮಂದಿಯನ್ನು ವಿಷಾನಿಲದ ಕೋಣೆಗಳಲ್ಲಿ ಕೊಂದರು. ಅವರಲ್ಲಿ ಸ್ಕಿಜೋಫ್ರೇನಿಯದವರ ಸಂಖ್ಯೆಯೇ ದೊಡ್ಡದು. ಬಚ್ಚಲಿನ ಹೊಸಿಲಲ್ಲಿ ನಿಂತುಬಿಟ್ಟವನು ನಮ್ಮಲ್ಲಿ ಬೈಗುಳ ತಿಂದ. ಅಲ್ಲಿ ಹುಟ್ಟಿದ್ದರೆ ಪಟ್ಟಿಯಲ್ಲಿ ಅವನ ಹೆಸರಿರುತ್ತಿತ್ತು.

ಯುದ್ಧ ಮುಗಿದ ಮೇಲೆ ಔಷಧ ಬಂತು. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಮದ್ದನ್ನು ರೋಗಿಗಳಿಗೆ ಕೊಟ್ಟು ನೋಡಿದರು. ದನಿಗಳು ಅಡಗಿದವು, ಕೂಗಾಟ ನಿಂತಿತು. ಈ ಮದ್ದಿನ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಅದನ್ನು ನಿಲ್ಲಿಸಿದವರ ರೋಗ ಮರಳುವುದನ್ನು ಕಂಡವರು ಅದರ ಬೆಲೆಯನ್ನು ಬಲ್ಲರು. ಆದರೂ ಒಂದು ಒಗಟು ಉಳಿಯಿತು. ದನಿ ಅಡಗಿದ ಮೇಲೂ ಎಷ್ಟೋ ಮಂದಿ ಹಲ್ಲುಜ್ಜುತ್ತಿರಲಿಲ್ಲ, ಬಟ್ಟೆ ಬದಲಿಸುತ್ತಿರಲಿಲ್ಲ, ಒಲೆ ಹಚ್ಚಿದರೆ ಆರಿಸುವುದನ್ನು ಮರೆಯುತ್ತಿದ್ದರು. ಇದಕ್ಕೆ ಆಸ್ಪತ್ರೆಯ ಬಾಳೇ ಕಾರಣವಿರಬಹುದೆಂಬ ಸಂದೇಹ ಹುಟ್ಟಿತು. ಇಂಗ್ಲೆಂಡಿನಲ್ಲಿ ವಿಂಗ್ ಮತ್ತು ಬ್ರೌನ್ ಎಂಬಿಬ್ಬರು ಮೂರು ಆಸ್ಪತ್ರೆಗಳ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 1970ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ರೋಗಿಗಳ ಬಳಿ ತಮ್ಮದೇ ಆದ ಬಾಚಣಿಗೆ, ಕನ್ನಡಿಯಂಥ ವಸ್ತುಗಳು ಇವೆಯೇ ಎಂದು ಎಣಿಸಿದರು. ದಿನದಲ್ಲಿ ಎಷ್ಟು ಹೊತ್ತು ಏನೂ ಮಾಡದೆ ಕುಳಿತಿರುತ್ತಾರೆಂದು ಅಳೆದರು. ಸುಮ್ಮನೆ ಕುಳಿತ ಹೊತ್ತು ಕಡಿಮೆಯಾದಲ್ಲಿ ಸ್ಥಿತಿ ಸುಧಾರಿಸಿತ್ತು. ಸ್ವಂತದ್ದೊಂದು ಬಾಚಣಿಗೆಯಿಲ್ಲದವಳನ್ನು ತಲೆ ಬಾಚಿಕೊಳ್ಳುವುದಿಲ್ಲವೆಂದು ಆಕ್ಷೇಪಿಸುವುದು ಯಾವ ನ್ಯಾಯ?

ಅಮೆರಿಕದವರು ಇದೇ ಪ್ರಶ್ನೆಗೆ ತಮ್ಮ ಸ್ವಭಾವಕ್ಕೆ ತಕ್ಕಂತೆ ವ್ಯಾಪಾರದ ಉತ್ತರ ಕಂಡುಹಿಡಿದರು. ಇಲಿನಾಯ್ ರಾಜ್ಯದ ಅನ್ನಾ ಎಂಬ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಐಲನ್ ಮತ್ತು ಏಜ್ರಿನ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಬಿಲ್ಲೆಗಳ ಪದ್ಧತಿಯನ್ನು ನಡೆಸಿದರು. ಹಲ್ಲುಜ್ಜಿದರೆ, ಸ್ನಾನ ಮಾಡಿದರೆ, ಅಡುಗೆಮನೆಯಲ್ಲಿ ನೆರವಾದರೆ ಇಷ್ಟಿಷ್ಟು ಬಿಲ್ಲೆ. ಆ ಬಿಲ್ಲೆ ಕೊಟ್ಟು ಸಿಗರೇಟು, ಸಿಹಿತಿಂಡಿ, ಏಕಾಂತದ ಕೋಣೆ, ಹೊರಗೆ ಅಡ್ಡಾಡುವ ಅವಕಾಶ ಕೊಳ್ಳಬಹುದು. ಕೆಲಸ ನಡೆಯಿತೆಂಬುದು ನಿಜ. ವರ್ಷಗಳಿಂದ ಏಳದವರು ಎದ್ದು ಹಾಸಿಗೆ ಮಡಿಸಿದರು. ಆದರೆ ಇದೇ ಪದ್ಧತಿಯನ್ನು ಹಿಡಿದ ಕೆಲವೆಡೆ ಊಟ, ಹಾಸಿಗೆಗಳನ್ನೂ ಬಿಲ್ಲೆಗೆ ಮಾರತೊಡಗಿದರು. 1972ರಲ್ಲಿ ಅಲಬಾಮಾದ ಒಂದು ಮೊಕದ್ದಮೆಯಲ್ಲಿ ನ್ಯಾಯಾಲಯವು ಅಂಥವು ರೋಗಿಯ ಹಕ್ಕುಗಳು, ಬಹುಮಾನಗಳಲ್ಲ ಎಂದು ತೀರ್ಪಿತ್ತಿತು. ನನಗೆ ಈ ಬಿಲ್ಲೆಯ ವಿಚಾರ ಓದಿದಾಗ ತೃಪ್ತಿಯಾಗಲಿಲ್ಲ. ಅದು ರೋಗಿಗೆ ಮನಸ್ಸಿಲ್ಲವೆಂದು ಊಹಿಸಿ ಆಸೆ ಹುಟ್ಟಿಸಲು ನೋಡುತ್ತದೆ. ನನ್ನ ಮಾವನಿಗೆ ಸ್ನಾನದ ಆಸೆ ಇತ್ತು. ಇಲ್ಲದಿದ್ದರೆ ಟವಲು ಹಿಡಿದು ನಿಲ್ಲುತ್ತಿದ್ದನೇಕೆ?

ಈ ‘ಏಕೆ’ಗೆ ಉತ್ತರ 1980ರ ದಶಕದ ನಂತರ ಬಂದಿತೆನ್ನಬೇಕು. ಚೀಟಿಗಳನ್ನು ಬಣ್ಣ, ಆಕಾರ, ಸಂಖ್ಯೆಗಳಲ್ಲಿ ಯಾವುದರಂತೆ ವಿಂಗಡಿಸಬೇಕೆಂದು ತಾನೇ ಕಂಡುಕೊಂಡು, ನಿಯಮ ಸದ್ದಿಲ್ಲದೆ ಬದಲಾದಾಗ ತಾನೂ ಬದಲಾಯಿಸಬೇಕಾದ ಒಂದು ಪರೀಕ್ಷೆ ಇದೆ. ಸ್ಕಿಜೋಫ್ರೇನಿಯದ ಅನೇಕರು ಅಲ್ಲಿ ಹಳೆಯ ನಿಯಮಕ್ಕೇ ಅಂಟಿಕೊಳ್ಳುತ್ತಿದ್ದರು. ಆ ಹೊತ್ತಿನಲ್ಲಿ ಮಿದುಳಿನ ಮುಂಭಾಗ ಇತರರಲ್ಲಿ ಚುರುಕಾಗುವಷ್ಟು ಇವರಲ್ಲಿ ಆಗುವುದಿಲ್ಲವೆಂದು ರಕ್ತಸಂಚಾರವನ್ನು ಅಳೆದು ತೋರಿಸಿದರು. 1996ರಲ್ಲಿ ಮೈಕೇಲ್ ಗ್ರೀನ್ ಎಂಬ ಅಮೆರಿಕದ ವಿದ್ವಾಂಸನು ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದನು. ರೋಗಿಯು ಮುಂದೆ ಸಮಾಜದಲ್ಲಿ ಹೇಗೆ ಬಾಳುವನೆಂಬುದು ಆತನಿಗೆ ದನಿಗಳು ಎಷ್ಟು ಕೇಳುತ್ತವೆಂಬುದಕ್ಕಿಂತ, ಆತನ ನೆನಪು, ಅವಧಾನ, ಯೋಜನಾಶಕ್ತಿಗಳು ಎಷ್ಟು ಉಳಿದಿವೆಯೆಂಬುದನ್ನು ಹೆಚ್ಚಾಗಿ ಅವಲಂಬಿಸಿದೆ ಎಂಬುದು ಅದರ ಸಾರ. ಬ್ಲಾಯ್ಲರನು ರೈನಾವಿನಲ್ಲಿ ಬರಿಗಣ್ಣಿನಿಂದ ಕಂಡದ್ದಕ್ಕೆ ಲೆಕ್ಕದ ಬೆಂಬಲ ದೊರೆತಂತಾಯಿತು.

ಈಗ ಸ್ನಾನದ ಕೆಲಸವನ್ನೇ ಬಿಡಿಸಿ ನೋಡೋಣ. ಮೊದಲು ಬದಲಿ ಬಟ್ಟೆ ಆರಿಸಬೇಕು. ನೀರು ಹದವಾಗಿದೆಯೇ ನೋಡಿ ತೋಡಿಕೊಳ್ಳಬೇಕು, ತಣ್ಣೀರು ಬೆರೆಸಬೇಕು. ಉಟ್ಟ ಬಟ್ಟೆಯನ್ನು ಎಲ್ಲಿಡುವುದು? ತಲೆಗೆ ಮೊದಲೋ ಮೈಗೆ ಮೊದಲೋ? ಸಾಬೂನು ಹಚ್ಚಿದ್ದಾಯಿತೇ ಇಲ್ಲವೇ ಎಂಬುದು ನೆನಪಿರಬೇಕು. ಇಷ್ಟರ ನಡುವೆ ಹಿತ್ತಿಲಲ್ಲಿ ಕಾಗೆ ಕೂಗಿದರೆ, ಬೀದಿಯಲ್ಲಿ ಯಾರೋ ಮಾತನಾಡಿದರೆ ಅದನ್ನು ಬದಿಗೆ ತಳ್ಳಬೇಕು. ನಮ್ಮಂಥವರಿಗೆ ಇದೆಲ್ಲ ರೂಢಿಯ ಬಲದಿಂದ ತಾನಾಗಿ ಸಾಗುತ್ತದೆ. ಆ ಬಲ ಕುಸಿದವನಿಗೆ ಪ್ರತಿಯೊಂದು ಹೆಜ್ಜೆಯೂ ಹೊಸದಾಗಿ ನಿರ್ಧರಿಸಬೇಕಾದ ಪ್ರಶ್ನೆ. ಮೊದಲ ಹೆಜ್ಜೆ ಇಡುವುದೇ ಎಲ್ಲಕ್ಕಿಂತ ಕಷ್ಟ. ಇದರ ಮೇಲೆ ಮದ್ದಿನ ಮಂಪರು, ರೋಗವೇ ತರುವ ನಿರುತ್ಸಾಹ, ಮನಸ್ಸಿನ ಖಿನ್ನತೆ ಸೇರಿಕೊಳ್ಳುವುದುಂಟು. ಎಲ್ಲವನ್ನೂ ಆಲೋಚನೆಯ ತೊಡಕಿನ ತಲೆಗೇ ಕಟ್ಟಲಾಗದು. ಎಲ್ಲರಲ್ಲಿಯೂ ಇದು ಒಂದೇ ಪ್ರಮಾಣದಲ್ಲಿಯೂ ಇರುವುದಿಲ್ಲ.

1990ರ ದಶಕದಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಡಾನ್ ವೆಲಿಗನ್ ಎಂಬಾಕೆಯೂ ಜೊತೆಗಾರರೂ ಇದಕ್ಕೊಂದು ಸರಳವಾದ ಉಪಾಯ ರೂಪಿಸಿದರು. ತಲೆಯೊಳಗಿನ ಕೊರತೆಯನ್ನು ತಿದ್ದುವ ಗೋಜಿಗೆ ಹೋಗದೆ ಅವರು ಮನೆಯನ್ನು ತಿದ್ದಿದರು. ರೋಗಿಯ ಮನೆಗೆ ವಾರವಾರವೂ ಹೋಗುವುದು. ಒಂದೊಂದು ದಿನದ ಉಡುಪನ್ನು ಒಂದೊಂದು ಡಬ್ಬಿಯಲ್ಲಿ ಹೆಸರು ಬರೆದಿಡುವುದು. ಮಾಡಬೇಕಾದುದನ್ನು ಕ್ರಮವಾಗಿ ಬರೆದು ಗೋಡೆಗೆ ಅಂಟಿಸುವುದು. ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವಂತೆ ಮಾಡುವುದು. ಕೆಲಸವನ್ನು ಆರಂಭಿಸಲಾರದವರಿಗೆ ಇಂಥ ಜ್ಞಾಪಕಗಳು. ಕಂಡದ್ದಕ್ಕೆಲ್ಲ ಗಮನ ಹರಿದುಹೋಗುವವರಿಗೆ ಕಣ್ಣೆದುರಿನ ಬೇಡದ ವಸ್ತುಗಳನ್ನು ತೆಗೆದಿಡುವುದು. ಪರೀಕ್ಷಿಸಿ ನೋಡಿದಾಗ ಬರೀ ಮದ್ದು ಪಡೆಯುತ್ತಿದ್ದವರಿಗಿಂತ ಇವರು ಚೆನ್ನಾಗಿ ಬಾಳುತ್ತಿದ್ದುದು ಕಂಡುಬಂತು.

ನಮ್ಮ ನಾಡಿನ ಕಡೆ ತಿರುಗೋಣ. ಬೆಂಗಳೂರಿನಲ್ಲಿ 1840ರ ದಶಕದ ಕೊನೆಯಲ್ಲಿ ಆರಂಭವಾದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು; 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದನ್ನು ಮುನ್ನಡೆಸಿದರು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಆದರೆ ಭಾರತೀಯ ವೈದ್ಯರು ಮಾಡಿದ ದೊಡ್ಡ ಕಾಣಿಕೆ ಕಟ್ಟಡಗಳಲ್ಲಿಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಮನೆಯವರನ್ನೇ ಬಂದಿರಲು ಕರೆದರು. ಮನೆಯವರು ಜೊತೆಗಿದ್ದು ಊಟ ಮಾಡಿಸಿದರು, ಮೀಯಿಸಿದರು, ಕಾಯಿಲೆಯನ್ನು ಕಣ್ಣಾರೆ ಕಂಡು ಕಲಿತರು. ಬೆಂಗಳೂರೂ ಈ ದಾರಿ ಹಿಡಿಯಿತು. ಮುಂದೆ ನಿಮ್ಹಾನ್ಸಿನ ವೈದ್ಯರು ಸಕಲವಾರದಲ್ಲಿ, ಬಳ್ಳಾರಿ ಜಿಲ್ಲೆಯಲ್ಲಿ ಚಿಕಿತ್ಸೆಯನ್ನು ಹಳ್ಳಿಗಳತ್ತ ಒಯ್ದರು. ಕುವೆಂಪು ಅವರ ತೀರ್ಥಹಳ್ಳಿ ತಾಲೂಕಿನಲ್ಲಿ 2005ರಿಂದ ಮನೆಮನೆಯ ರೋಗಿಗಳನ್ನು ಗುರುತಿಸಿ ವರ್ಷಗಳ ಕಾಲ ಹಿಂಬಾಲಿಸಿದರು. ಮದ್ದು ಕಾಣದೆ ಮೂಲೆಯಲ್ಲಿ ಕುಳಿತಿದ್ದವರಿಗಿಂತ ಚಿಕಿತ್ಸೆ ಪಡೆದವರ ಅಂಗವಿಕಲತೆ ಕಡಿಮೆಯೆಂಬುದು ಅಲ್ಲಿ ಸ್ಪಷ್ಟವಾಯಿತು.

‘ಅಂಗವಿಕಲತೆ’ ಎಂಬ ಮಾತನ್ನು ಬೇಕೆಂದೇ ಬಳಸಿದೆ. 1995ರ ಕಾನೂನು ಮಾನಸಿಕ ರೋಗವನ್ನೂ ಅಂಗವಿಕಲತೆಗಳ ಸಾಲಿಗೆ ಸೇರಿಸಿತು. ಅದನ್ನು ಅಳೆಯಲು ನಮ್ಮ ದೇಶದ ಮನೋವೈದ್ಯರೇ ಒಂದು ಮಾಪನವನ್ನು ಸಿದ್ಧಪಡಿಸಿದರು. 2002ರಲ್ಲಿ ಸರ್ಕಾರ ಅದನ್ನು ಒಪ್ಪಿತು. ಅದರಲ್ಲಿ ನಾಲ್ಕು ಬಾಬುಗಳಿವೆ, ಮೊದಲನೆಯದೇ ಸ್ನಾನ, ಉಡುಪು, ಊಟಗಳನ್ನೊಳಗೊಂಡ ಸ್ವಂತ ಆರೈಕೆ. ಯಾವುದನ್ನು ನಮ್ಮ ಅಜ್ಜಿ ಮೈಗಳ್ಳತನ ಎಂದಳೋ ಅದು ಸರ್ಕಾರದ ಕಾಗದದಲ್ಲಿ ಅಂಕ ಕೊಟ್ಟು ಬರೆಯಬೇಕಾದ ತೊಂದರೆಯಾಯಿತು. ಜರ್ಮನಿಯ ಆ ನಮೂನೆಯಲ್ಲಿಯೂ ಇಂಥದೇ ಒಂದು ಬಾಬು ಇತ್ತು. ಅದನ್ನು ತುಂಬಿಸಿಕೊಂಡದ್ದು ಕೊಲ್ಲುವುದಕ್ಕೆ, ಇದನ್ನು ತುಂಬಿಸಿಕೊಳ್ಳುವುದು ಮಾಸಾಶನಕ್ಕೆ.

ನಿಮ್ಹಾನ್ಸಿನಲ್ಲಿ ಅವಧಾನವನ್ನು ಮರಳಿ ಬೆಳೆಸಲು ಕೊಡುವ ಅಭ್ಯಾಸಗಳಲ್ಲಿ ಒಂದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಕಲಸಿಟ್ಟ ಕಾಳುಗಳನ್ನು ಬೇರೆ ಬೇರೆಯಾಗಿ ಆರಿಸುವುದು! ಅದಕ್ಕೆ ಯಂತ್ರ ಬೇಡ, ಇಂಗ್ಲಿಷ್ ಬೇಡ. ಒಂದು ಮೊರ, ಒಂದಿಷ್ಟು ಕಾಳು, ಪಕ್ಕದಲ್ಲಿ ಕೂರುವ ತಾಳ್ಮೆಯ ಒಬ್ಬರು ಸಾಕು. ಆಗತಾನೇ ರೋಗ ಕಾಣಿಸಿಕೊಂಡವರಿಗೆ ಮನೆಯಲ್ಲಿಯೇ ಮನೆಯವರ ಮೇಲ್ವಿಚಾರಣೆಯಲ್ಲಿ ಇಂಥ ಅಭ್ಯಾಸಗಳನ್ನು ಕೊಟ್ಟು, ಅದರಿಂದ ಪ್ರಯೋಜನವಾದುದನ್ನು 2012ರಲ್ಲಿ ಪ್ರಕಟಿಸಿದ್ದಾರೆ.

ವೆಲಿಗನ್ನಳ ಗೋಡೆಯ ಬರಹಗಳ ವಿಷಯ ಓದಿದ ರಾತ್ರಿ ನನಗೆ ನನ್ನ ತಾಯಿಯ ನೆನಪಾಯಿತು. ರಜೆಯಲ್ಲಿ ನಾವು ಅಲ್ಲಿರುವಷ್ಟು ದಿನ ಮಾವನ ಸ್ನಾನದ ಹೊಣೆ ಅಮ್ಮನದಾಗಿತ್ತು. ಆಕೆ ಬೈಯುತ್ತಿರಲಿಲ್ಲ. ಬಚ್ಚಲ ಹೊರಗಿನ ಕಟ್ಟೆಯ ಮೇಲೆ ಪಂಚೆ, ಅಂಗಿ, ಸಾಬೂನು, ಚೊಂಬುಗಳನ್ನು ಸಾಲಾಗಿ ಇಟ್ಟು, ಬಾಗಿಲ ಆಚೆ ಅಕ್ಕಿ ಆರಿಸುತ್ತ ಕೂರುತ್ತಿದ್ದಳು. “ಚೊಂಬು ತಗೊಳೋ” ಎನ್ನುವಳು. ಸ್ವಲ್ಪ ಹೊತ್ತು ಬಿಟ್ಟು, “ತಲೆಗೆ ಹಾಕ್ಕೋ.” ಮತ್ತೆ ಸ್ವಲ್ಪ ಹೊತ್ತು. “ಆಯ್ತಾ? ಈಗ ಸೋಪು.” ಒಳಗಿನಿಂದ “ಹ್ಞೂಂ ಅಕ್ಕ” ಎಂಬ ಉತ್ತರ ಬರುವುದು. ಕಾಲು ಗಂಟೆಯೊಳಗೆ ಮಾವ ಒದ್ದೆ ತಲೆಯನ್ನು ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದ. ಇದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾನೊಂದು ಚಿಕಿತ್ಸೆ ಮಾಡುತ್ತಿದ್ದೇನೆಂದು ಆಕೆಗೂ ತಿಳಿದಿರಲಿಲ್ಲವಾಗಿ, ಅಜ್ಜಿಗೂ ಅದನ್ನು ವಿವರಿಸಿ ಹೇಳಲಿಲ್ಲ. ಮೇ ತಿಂಗಳ ಕೊನೆಗೆ ಶಾಲೆ ತೆರೆಯುವ ಹೊತ್ತಿಗೆ ನಾವು ಬಸ್ಸು ಹತ್ತುತ್ತಿದ್ದೆವು. ಮುಂದಿನ ರಜೆಗೆ ಬಂದಾಗ ಮಾವನ ಗಡ್ಡ ಎದೆಯವರೆಗೆ ಬೆಳೆದಿರುತ್ತಿತ್ತು, ಟವಲು ಮಾತ್ರ ಹೆಗಲ ಮೇಲೆಯೇ ಇರುತ್ತಿತ್ತು.